ಪೈಪು ಗಟ್ಟಿ, ಕರಾರು ಒರಟು: ಹೂಮಳೆಗೆ ಬಾಡಿಗೆ ಸ್ಪ್ರಿಂಕ್ಲರ್ ಸೆಟ್

ರೋಬಸ್ಟಾ ಕಾಫಿಯ ಮೊಗ್ಗು ಬಲಿತು ನಿಂತ ಮೇಲೆ ನೀರಿಗಾಗಿ ಕಾಯುವ ದಿನಗಳು ಹೆಚ್ಚಿಲ್ಲ. ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನೊಳಗೆ ಒಂದೂವರೆ ಇಂಚು ಹೂಮಳೆ ಬಿದ್ದರೆ ಏಳೆಂಟು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅರೆಬರೆ ಹನಿದರೆ ಮೊಗ್ಗು ಅರ್ಧ ಬಿರಿದು ಕೆಂಪಡರಿ ಉದುರುತ್ತದೆ. ಹೂವಾದ 15ರಿಂದ 20 ದಿನಕ್ಕೆ ಬ್ಯಾಕಿಂಗ್ ಎಂದು ಇನ್ನೊಂದು ಇಂಚು ಬೇಕು. ಮಳೆ ಕೈಕೊಟ್ಟರೆ ಹೊಳೆ, ತೋಡು (ಸಣ್ಣ ಹಳ್ಳ), ಕೆರೆ, ಎಲ್ಲಿಂದಾದರೂ ನೀರೆತ್ತಿ ಜೆಟ್ (ತಿರುಗುತ್ತ ನೀರು ಚಿಮ್ಮುವ ಸ್ಪ್ರಿಂಕ್ಲರ್) ಹಾಕಲೇಬೇಕು. ಸ್ವಂತ ಸೆಟ್ ಇಲ್ಲದ ಐದು, ಹತ್ತು ಎಕರೆಯವರಿಗೆ ಬಾಡಿಗೆಯ ಸೆಟ್ಟೇ ಗತಿ. ಕೊಡಗಿನ ಗೋಣಿಕೊಪ್ಪ, ಸಿದ್ದಾಪುರ ಕಡೆ ಓಡಾಡುವ ಅಂಥದ್ದೊಂದು ಸೇವೆಯ ವಿಮರ್ಶೆ ಇದು. ಹೆಸರು ಬೇಡ, ಇದೇ ಅಚ್ಚಿನ ಕರಾರು ಪತ್ರ ಹಿಡಿದು ಗೇಟಿಗೆ ಬರುವವರು ಇನ್ನೂ ಇದ್ದಾರೆ, ಮಾತು ಅವರೆಲ್ಲರಿಗೂ ಸಲ್ಲುತ್ತದೆ. ಬಾಡಿಗೆ ದರ ವರ್ಷ ವರ್ಷ ಏರುವುದರಿಂದ ಲೆಕ್ಕವೆಲ್ಲ ರೂಪಾಯಿಯ ಬದಲು ಲೀಟರು, ಗಂಟೆ, ಮಿಲಿಮೀಟರಿನಲ್ಲಿದೆ.

ಸಾಮಾನಿನ ವಿಷಯದಲ್ಲಿ ಈ ಸೇವೆಯನ್ನು ಮೆಚ್ಚಬೇಕು. ಬರುವುದು 10 ಎಚ್‌ಪಿ ಡೀಸೆಲ್ ಇಂಜಿನ್, ಅದಕ್ಕೆ ನೇರ ಜೋಡಿಸಿದ ಪಂಪು, 75 ಮಿ.ಮೀ. ಅಲ್ಯೂಮಿನಿಯಂ ಪೈಪು, 63 ಮಿ.ಮೀ. ಕಪ್ಪು ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು, ಜೆಟ್ಟನ್ನು ಎತ್ತರದಲ್ಲಿ ನಿಲ್ಲಿಸುವ ಹತ್ತು ರೈಸರು, ಹತ್ತು ಜೆಟ್, ಜೊತೆಗೆ ನಾಲ್ಕು ಜನ. ಪೈಪೊಂದು 6 ಮೀಟರ್. ಪೈಪಿಗೆ ಪೈಪು ಜೋಡಿಸುವ ಕಪ್ಲರಿನ ರಬ್ಬರ್ ರಿಂಗ್ ಹೊಸದು, ಸೀಳಿಲ್ಲ. ರೈಸರು 3 ಮೀಟರ್ ಎತ್ತರ, ಮುಕ್ಕಾಲಿ ಸಮೇತ. ಎರಡು ಮೀಟರ್ ರೈಸರ್ ತರುವವರೂ ಇದ್ದಾರೆ. ಅವರ ಜೆಟ್ ಗಿಡದ ನೆತ್ತಿಗೆ ಬಡಿದು ನೀರು ಅಲ್ಲೇ ಸುರಿಯುತ್ತದೆ, ಆಚೆ ಸಾಲು ಒಣಗಿಯೇ ಉಳಿಯುತ್ತದೆ. ಸಿಲ್ವರ್ ಓಕಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ ದಪ್ಪವಿದ್ದಲ್ಲಿ ರೈಸರನ್ನು ಮರದ ಬುಡದಿಂದ ಎರಡು ಮೀಟರಾದರೂ ಸರಿಸಿ ನಿಲ್ಲಿಸಲು ಹೇಳಿ. ಹೇಳದಿದ್ದರೆ ಈ ಜನ ಸರಿಸುವುದಿಲ್ಲ. ಅವರಿಗೆ 12 ಮೀಟರಿನ ಹಗ್ಗವೇ ದೇವರು.

ಆ ಹಗ್ಗದ ಲೆಕ್ಕ ಮಾತ್ರ ಸರಿಯಾದದ್ದೇ. ಜೆಟ್‌ಗಳನ್ನು 12 ಮೀಟರಿಗೆ 12 ಮೀಟರಿನಂತೆ ನಿಲ್ಲಿಸಿದರೆ ಒಂದರ ಪಾಲಿಗೆ 144 ಚದರ ಮೀಟರ್. 4.5 ಮಿ.ಮೀ. ನಾಜಲ್ 3 ಕಿಲೋ (ಚದರ ಸೆಂ.ಮೀ.ಗೆ) ಒತ್ತಡದಲ್ಲಿ ಗಂಟೆಗೆ ಸುಮಾರು 1,320 ಲೀಟರ್ ಎಸೆಯುತ್ತದೆ, ಅಂದರೆ ಗಂಟೆಗೆ 9 ಮಿ.ಮೀ. ಚಿಲ್ಲರೆ. ಒಂದೂವರೆ ಇಂಚಿಗೆ, ಅಂದರೆ 38 ಮಿ.ಮೀ.ಗೆ, ನಾಲ್ಕು ಗಂಟೆ ಹತ್ತು ನಿಮಿಷ. ಎಕರೆಗೆ ಇಂಥ 28 ಜಾಗ, ಹತ್ತು ಜೆಟ್ಟಿನಲ್ಲಿ ಮೂರು ಪಾಳಿ, ಒಟ್ಟು ಹನ್ನೆರಡೂವರೆ ಗಂಟೆ. ಎಕರೆಗೆ ಇಳಿಯುವ ನೀರು 1.54 ಲಕ್ಷ ಲೀಟರ್. ಮೂರೇ ಗಂಟೆ ಓಡಿಸಿ ಪೈಪು ಎತ್ತುತ್ತೇವೆ ಎಂದು ಗಡಿಬಿಡಿ ಮಾಡುವವರಿಗೆ ಈ ಲೆಕ್ಕ ತೋರಿಸಿ. ಈ ಸೇವೆಯವರು ಮೊದಲ ಎರಡು ಪಾಳಿಗೆ ಪೂರ್ತಿ ಸಮಯ ಕೊಡುತ್ತಾರೆ. ಮೂರನೆಯದಕ್ಕೆ, ವಿಶೇಷವಾಗಿ ಬೆಳಗಿನ ಜಾವ ಮುಗಿಯುವಂಥದ್ದಾದರೆ, ಕತ್ತರಿ ಬೀಳುವುದು ಸಾಮಾನ್ಯ. ಗಡಿಯಾರ ನೋಡಿ ಪುಸ್ತಕದಲ್ಲಿ ಬರೆಯಲು ತೋಟದ ರೈಟರ್ (ಗುಮಾಸ್ತ) ಇರಲಿ, ಮನೆಯವರಿರಲಿ, ಯಾರಾದರೂ ಒಬ್ಬರು ನಿಲ್ಲಬೇಕು.

ನಾಜಲ್ ಸವೆದಿದೆಯೇ ಎಂದು ನೋಡಲು 5 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿ ಸಾಕು. 4.5ರ ರಂಧ್ರದೊಳಗೆ ಅದು ಹೋಗಬಾರದು. ಹೋದರೆ ಆ ಜೆಟ್ ಕಾಲು ಪಾಲಿನಷ್ಟು ಹೆಚ್ಚು ನೀರು ಕುಡಿಯುತ್ತಿದೆ ಎಂದೇ ಅರ್ಥ; ಅದರ ಪಕ್ಕದವು ಸೊರಗುತ್ತವೆ. ನಾಲ್ಕು ಜೆಟ್ ನಡುವಿನ ಚೌಕದಲ್ಲಿ ಒಂದೇ ಅಳತೆಯ, ನೆಟ್ಟಗಿನ ಗೋಡೆಯ 16 ಡಬ್ಬಿ ಇಟ್ಟು, ಪಾಳಿ ಮುಗಿದ ಮೇಲೆ ಸ್ಕೇಲು ಇಳಿಸಿ ನೋಡಿ. ಅತಿ ಕಡಿಮೆ ಬಿದ್ದ ನಾಲ್ಕು ಡಬ್ಬಿಗಳ ಸರಾಸರಿ, ಒಟ್ಟು ಸರಾಸರಿಯ ಮುಕ್ಕಾಲಿಗಿಂತ ಕೆಳಗಿದ್ದರೆ ಸೆಟ್ ವಾಪಸ್ ಕಳಿಸಬಹುದು. ಈ ಸೆಟ್ ಆ ಗೆರೆ ದಾಟುತ್ತದೆ, ರಾತ್ರಿ ಗಾಳಿ ಇಲ್ಲದಾಗ ಇನ್ನೂ ಚೆನ್ನಾಗಿ. ಹೂ ಬಿರಿದ ದಿನ ಮಾತ್ರ ಯಾರು ಎಷ್ಟೇ ಹೇಳಿದರೂ ಇಂಜಿನ್ ಚಾಲೂ ಮಾಡಬೇಡಿ, ಪರಾಗವೆಲ್ಲ ತೊಳೆದುಹೋಗುತ್ತದೆ.

ಇಂಜಿನ್ ಕಡೆಗೆ ಬರೋಣ. 900 ಮೀಟರ್ ಎತ್ತರದ ತೋಟದಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಡೀಸೆಲ್ ಇಂಜಿನ್ ಇಲ್ಲಿ ಶೇಕಡ 8ರಿಂದ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಪಂಪು ನೀರು ಹೀರುವ ಮಿತಿಯೂ ಸಮುದ್ರಮಟ್ಟಕ್ಕಿಂತ ಸುಮಾರು ಒಂದು ಮೀಟರ್ ಕಡಿಮೆ. ಹಾಗಾಗಿ ನೀರಿನ ಮಟ್ಟದಿಂದ ಪಂಪು 5 ಮೀಟರಿಗಿಂತ ಮೇಲಿರಬಾರದು. ದಂಡೆ ಕಡಿದಾಗಿದ್ದರೆ ಮಣ್ಣು ಕೆತ್ತಿ ಇಂಜಿನನ್ನೇ ಕೆಳಗಿಳಿಸಬೇಕು. ಹೀರುವ ಪೈಪು ನೀರಿನಿಂದ ಪಂಪಿನವರೆಗೆ ಏರುತ್ತಲೇ ಹೋಗಬೇಕು, ನಡುವೆ ಗೂನು ಬಿದ್ದರೆ ಅಲ್ಲಿ ಗಾಳಿ ಕೂರುತ್ತದೆ. ಫುಟ್‌ವಾಲ್ವನ್ನು (ಹೀರುವ ಪೈಪಿನ ತುದಿಯ ವಾಲ್ವು) ಬುಟ್ಟಿಯೊಳಗಿಟ್ಟು, ತಳದಿಂದ ಒಂದಡಿ ಮೇಲೆ, ನೀರಿನ ಮಟ್ಟದಿಂದ ಎರಡಡಿ ಕೆಳಗೆ ನೇತುಹಾಕಬೇಕು. ಒತ್ತಡ ತೋರಿಸುವ ಗೇಜಿನ ಮುಳ್ಳು ನಡುಗಿದರೆ ಎಲ್ಲೋ ಗಾಳಿ ಒಳಗೆ ಬರುತ್ತಿದೆ. ಪಂಪಿನೊಳಗೆ ಜಲ್ಲಿ ಕುಲುಕಿದಂಥ ಸದ್ದು ಬಂದರೆ ಹೀರುವ ಎತ್ತರ ಹೆಚ್ಚಾಯಿತು, ತಕ್ಷಣ ನಿಲ್ಲಿಸಿ. ಈ ಸೇವೆಯ ಮೆಕ್ಯಾನಿಕ್‌ಗೆ ಇದೆಲ್ಲ ಗೊತ್ತಿದೆ, ಕೈ ಶುದ್ಧವಾಗಿದೆ. ಪಂಪಿನ ಬಾಯಿಗೆ ಹಿಮ್ಮುಖ ತಡೆ ವಾಲ್ವನ್ನೂ ಹಾಕುತ್ತಾರೆ. ಅದಿಲ್ಲದಿದ್ದರೆ ಇಂಜಿನ್ ನಿಂತ ಕ್ಷಣ 30 ಮೀಟರ್ ಏರಿನ ನೀರೆಲ್ಲ ಹಿಂದಕ್ಕೆ ನುಗ್ಗಿ ಪಂಪಿಗೆ ಗುದ್ದುತ್ತದೆ.

ಡೀಸೆಲ್ ಎಷ್ಟು ಕುಡಿಯಬೇಕು? ತೋಡಿನಿಂದ 30 ಮೀಟರ್ ಏರು, 300 ಮೀಟರ್ ಉದ್ದದ ಮುಖ್ಯ ಪೈಪು, ಜೆಟ್ ಬಾಯಲ್ಲಿ 3 ಕಿಲೋ ಒತ್ತಡ ಎಂದಿಟ್ಟುಕೊಳ್ಳಿ. ಹೀರುವುದು, ರೈಸರು, ತಿಕ್ಕಾಟ ಎಲ್ಲ ಸೇರಿ ಒಟ್ಟು 75 ಮೀಟರ್ ಹೆಡ್, ಅಂದರೆ ನೀರನ್ನು 75 ಮೀಟರ್ ಎತ್ತಿದಷ್ಟು ಕೆಲಸ. ಗಂಟೆಗೆ 13,200 ಲೀಟರ್ ನೀರನ್ನು ಅಷ್ಟೆತ್ತರಕ್ಕೆ ತಳ್ಳಲು, ಪಂಪಿನ ದಕ್ಷತೆ ಶೇಕಡ 55 ಎಂದರೂ, ಆರೂವರೆ ಎಚ್‌ಪಿ ಬೇಕು. 5 ಎಚ್‌ಪಿ ಸಾಕು ಎನ್ನುವವರ ಮಾತು ಇಲ್ಲಿಗೆ ಮುಗಿಯಿತು. ಇಂಜಿನ್ ಆರೋಗ್ಯವಾಗಿದ್ದರೆ ಗಂಟೆಗೆ ಒಂದೂವರೆ ಲೀಟರ್, ಎಕರೆಗೆ 18ರಿಂದ 19 ಲೀಟರ್. ಮುಖ್ಯ ಪೈಪಿಗೂ 63ರದ್ದನ್ನೇ ಹಾಕಿದರೆ ಲೆಕ್ಕ ತಲೆಕೆಳಗು: ಒಳವ್ಯಾಸ 75 ಇದ್ದಾಗ 100 ಮೀಟರಿಗೆ ಒಂದು ಮೀಟರ್ ಹೆಡ್ ತಿಕ್ಕಾಟಕ್ಕೆ ಹೋಗುತ್ತದೆ, 57 ಇದ್ದಾಗ ನಾಲ್ಕು ಮೀಟರ್. ‘ಡೀಸೆಲ್ ನಮ್ಮದು’ ಎಂಬ ಕರಾರಿಗಿಂತ ‘ಡೀಸೆಲ್ ನಿಮ್ಮದು’ ಒಳ್ಳೆಯದು. ಟ್ಯಾಂಕಿಗೆ ಕಡ್ಡಿ ಇಳಿಸಿ ಪ್ರತಿ ಪಾಳಿಗೂ ಗುರುತು ಹಾಕಿ, ಎಕರೆಗೆ 22 ದಾಟಿದರೆ ಕಾರಣ ಕೇಳಿ. ಡ್ರಮ್ಮಿನಲ್ಲಿ ತಂದಿಡಲು ಹೆದರಬೇಕಿಲ್ಲ. ಪೆಟ್ರೋಲಿಯಂ ನಿಯಮದಂತೆ ಡೀಸೆಲ್ 2,500 ಲೀಟರಿನವರೆಗೆ ಪರವಾನಗಿ ಇಲ್ಲದೆ ಇಡಬಹುದು, ಒಂದೊಂದು ಪಾತ್ರೆ 1,000 ಲೀಟರ್ ಮೀರದಿದ್ದರೆ ಸರಿ.

ಇಲ್ಲಿಯವರೆಗೆ ಒಳ್ಳೆಯ ಮಾತು. ತಕರಾರಿರುವುದು ಕರಾರು ಪತ್ರದ ಕೊನೆಯಲ್ಲಿ, ಸಣ್ಣಕ್ಷರದ ಒಂದು ಸಾಲಿನಲ್ಲಿ: ಹೊರಗಿನವರಿಂದ ಪೈಪಿಗೆ ಆಗುವ ಹಾನಿಗೆ ಬಾಡಿಗೆಗೆ ಪಡೆದವರೇ ಹೊಣೆ. ಅದು ಹೊರಗಿನವರ ಕೆಲಸವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರೆಂದು ಪತ್ರದಲ್ಲಿಲ್ಲ. ಹೇಳದಿದ್ದಾಗ ತೀರ್ಮಾನ ಸಾಮಾನಿನ ಯಜಮಾನನದೇ ಆಗುತ್ತದೆ.

ಇದೇ ಸಾಲು ಬೇರೊಂದು ನಾಡಿನಲ್ಲಿ ಎಷ್ಟು ರಕ್ತ ಹರಿಸಿದೆ ಎಂಬುದನ್ನು ಸ್ವಲ್ಪ ನೋಡಬೇಕು. ಇಂಜಿನ್ನಿಗೆ ಸುರಿಯುವ ಡೀಸೆಲ್ ಯಾವ ದೇಶದ ಕಚ್ಚಾತೈಲದ್ದೆಂದು ಬಂಕಿನವರಿಗೂ ಗೊತ್ತಿರುವುದಿಲ್ಲ, ಆದರೆ ಭಾರತ ಹಲವು ವರ್ಷಗಳಿಂದ ಕೊಳ್ಳುತ್ತ ಬಂದಿರುವ ತೈಲಗಳಲ್ಲಿ ನೈಜೀರಿಯಾದ್ದೂ ಒಂದು. ಅದು ಹುಟ್ಟುವುದು ನೈಜರ್ ಡೆಲ್ಟಾದಲ್ಲಿ, ತೋಡು, ಕೆಸರು, ಮೀನುಗಾರರ ಹಳ್ಳಿಗಳ ನಾಡಿನಲ್ಲಿ. ಒಲೊಯ್ಬಿರಿಯಲ್ಲಿ ತೈಲ ಸಿಕ್ಕಿದ್ದು 1956ರಲ್ಲಿ. ಅದೇ ವರ್ಷದ ಆಯಿಲ್ ಪೈಪ್‌ಲೈನ್ಸ್ ಕಾಯ್ದೆ, ಪೈಪು ಒಡೆದು ನಷ್ಟವಾದರೆ ಕಂಪನಿ ಪರಿಹಾರ ಕೊಡಬೇಕು ಎಂದಿತು. ಮೂರನೆಯವರು ಬೇಕೆಂದೇ ಒಡೆದಿದ್ದರೆ ಬೇಕಿಲ್ಲ ಎಂದೂ ಸೇರಿಸಿತು. ಅಲ್ಲಿಂದಾಚೆ ಪ್ರತಿ ಸೋರಿಕೆಗೂ ಒಂದೇ ಜಗಳ. ಕಂಪನಿ ‘ಕಳ್ಳರು ಕೊರೆದರು’ ಎನ್ನುತ್ತದೆ, ಹಳ್ಳಿಯವರು ‘ತುಕ್ಕು ಹಿಡಿದು ಒಡೆಯಿತು’ ಎನ್ನುತ್ತಾರೆ. ಎರಡೂ ನಡೆಯುತ್ತವೆ ಎಂಬುದೇ ತೊಡಕು. 2008ರಲ್ಲಿ ಬೊಡೊ ಎಂಬ ಊರಿನಲ್ಲಿ ಶೆಲ್ ಕಂಪನಿಯ ಪೈಪು ಎರಡು ಸಲ ಸೋರಿತು. ಹೊಣೆ ಒಪ್ಪಿಕೊಂಡ ಮೇಲೂ ಎಷ್ಟು ಸೋರಿತು ಎಂಬ ಬಗ್ಗೆ ವ್ಯಾಜ್ಯ ಲಂಡನ್ನಿನವರೆಗೆ ಹೋಯಿತು. ಮೊದಲು ಬರೆದ ಪ್ರಮಾಣ ಕಡಿಮೆಯಾಗಿತ್ತೆಂದು ಕಂಪನಿಯೇ ಒಪ್ಪಬೇಕಾಯಿತು. 2015ರಲ್ಲಿ 5.5 ಕೋಟಿ ಪೌಂಡಿಗೆ ರಾಜಿಯಾಯಿತು.

ಆಳದಲ್ಲಿರುವುದು ಒಡೆತನದ ಪ್ರಶ್ನೆ. ಅಲ್ಲಿನ 1969ರ ಪೆಟ್ರೋಲಿಯಂ ಕಾಯ್ದೆಯಂತೆ ನೆಲದಡಿಯ ತೈಲವೆಲ್ಲ ಸರ್ಕಾರದ್ದು. ಊರಿನವರ ಪಾಲಿಗೆ, ನೆಲ ನಮ್ಮದು, ನೆಲದಲ್ಲಿರುವುದು ಅವರದು. ‘ಬಾಣೆ ನಮ್ಮದು, ಬಾಣೆಯ ಮರ ಯಾರದು’ ಎಂದು, ಗದ್ದೆಗೆ ಸೇರಿದ ಬಾಣೆ ಎಂಬ ಮರಗಾಡಿನ ಜಮೀನಿಗಾಗಿ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಾತಂತ್ರ್ಯ ಬಂದಾಗ ಅಲ್ಲಿ ಸಂಪತ್ತು ಹುಟ್ಟಿದ ಪ್ರಾಂತ್ಯಕ್ಕೆ ರಾಯಧನದ ಅರ್ಧ ಸಿಗುತ್ತಿತ್ತು. ತೈಲ ಹೆಚ್ಚಿದಂತೆ ಆ ಪಾಲು ಕರಗುತ್ತ 1980ರ ದಶಕದಲ್ಲಿ ಶೇಕಡ 1.5ಕ್ಕೆ ಇಳಿಯಿತು. 1999ರ ಸಂವಿಧಾನ ಅದನ್ನು ಕನಿಷ್ಠ ಶೇಕಡ 13 ಎಂದು ನಿಗದಿ ಮಾಡಿತು. ನಡುವೆ ಆಗಬಾರದ್ದೆಲ್ಲ ಆಗಿಹೋಗಿತ್ತು: 1990ರಲ್ಲಿ ಡೆಲ್ಟಾದ ಒಗೋನಿ ಜನರು ತಮ್ಮ ಹಕ್ಕುಪತ್ರ ಹೊರಡಿಸಿದರು, 1993ರ ಜನವರಿಯಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದರು, 1995ರ ನವೆಂಬರ್ 10ರಂದು ಸೇನಾ ಸರ್ಕಾರ ಅವರ ಮುಂದಾಳು, ಲೇಖಕ ಕೆನ್ ಸಾರೊ ವಿವಾ ಮತ್ತು ಇನ್ನೂ ಎಂಟು ಜನರನ್ನು ಗಲ್ಲಿಗೇರಿಸಿತು. 2006ರಿಂದ ಬಂದೂಕು ಹಿಡಿದ ಗುಂಪುಗಳು ಪೈಪು ಸ್ಫೋಟಿಸತೊಡಗಿದವು. 2009ರಲ್ಲಿ ಕ್ಷಮಾದಾನ ಘೋಷಿಸಿ ಅವರಿಂದ ಬಂದೂಕು ಕೆಳಗಿಡಿಸಬೇಕಾಯಿತು.

2021ರ ಹೊಸ ಕಾಯ್ದೆ ಕಂಪನಿಗಳ ವಾರ್ಷಿಕ ನಿರ್ವಹಣಾ ವೆಚ್ಚದ ಶೇಕಡ 3ನ್ನು ತೈಲ ತೆಗೆಯುವ ಊರುಗಳ ನಿಧಿಗೆ ಕೊಡಿಸುತ್ತದೆ. ಊರಿನವರು ಕೇಳಿದ್ದು 10. ಅದರಲ್ಲೂ ಒಂದು ಕೊಕ್ಕೆ: ಪೈಪಿಗೆ ದುಷ್ಕೃತ್ಯದಿಂದ ಹಾನಿಯಾದರೆ ದುರಸ್ತಿಯ ಖರ್ಚು ಊರಿನ ಪಾಲಿನಿಂದಲೇ ಮುರಿದುಕೊಳ್ಳಲಾಗುತ್ತದೆ. ಗೋಣಿಕೊಪ್ಪದ ಕರಾರು ಪತ್ರ ಬರೆದವರು ಇದನ್ನು ಓದಿರಲಾರರು, ಆದರೂ ಬುದ್ಧಿ ಒಂದೇ ದಾರಿಯಲ್ಲಿ ಓಡಿದೆ.

ನಮ್ಮಲ್ಲಿ ಪೈಪು ಯಾಕೆ ತುಂಡಾಗುತ್ತದೆ? ಮೊದಲು ನಿಜವಾದ ಕಾರಣ ಹುಡುಕುವುದನ್ನು ಕಲಿಯಬೇಕು, ಏಕೆಂದರೆ ಹತ್ತು ಸಲ ‘ಕೆಳಗಿನ ಮನೆಯವರು ಕಡಿದರು’ ಎಂದಲ್ಲಿ ಒಡೆದದ್ದು ಒತ್ತಡಕ್ಕೇ ಇರಬಹುದು. ಸ್ಪ್ರಿಂಕ್ಲರಿಗೆಂದೇ ಐಎಸ್ 14151 ಎಂಬ ಭಾರತೀಯ ಮಾನಕದಡಿ ಬರುವ ಎಚ್‌ಡಿಪಿಇ ಪೈಪಿನ ಅತಿ ಗಟ್ಟಿ ವರ್ಗ 4 ಕಿಲೋದ್ದು. ಮೇಲಿನ ಲೆಕ್ಕದಲ್ಲಿ ಇಂಜಿನ್ ಪಕ್ಕದ ಒತ್ತಡ 7 ಕಿಲೋ ದಾಟುತ್ತದೆ. ಹಾಗಾಗಿ ಇಳಿಜಾರಿನ ಕೆಳಭಾಗಕ್ಕೆ ಅಲ್ಯೂಮಿನಿಯಂ ಅಥವಾ 10 ಕಿಲೋ ವರ್ಗದ ಪೈಪು ಮಾತ್ರ, 4 ಕಿಲೋದ್ದು ಏನಿದ್ದರೂ ಮೇಲೆ, ಒತ್ತಡ 4ಕ್ಕಿಂತ ಇಳಿದಲ್ಲಿ. ಈ ಸೇವೆಯ ಹುಡುಗರು ಅವಸರದಲ್ಲಿ ಲಾರಿಯಿಂದ ಮೊದಲು ಕೈಗೆ ಸಿಕ್ಕಿದ್ದನ್ನು ಮೊದಲು ಜೋಡಿಸುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಕಾದ ಕಪ್ಪು ಪೈಪು ಇನ್ನೂ ಮೆತ್ತಗಾಗಿರುತ್ತದೆ, ಸಂಜೆ ಇಂಜಿನ್ ಹಾಕಿದ ಅರ್ಧ ಗಂಟೆಗೆ ಢಬ್ ಎನ್ನುತ್ತದೆ. ಅಂಥ ಪೈಪನ್ನು ಮುಟ್ಟಿ ನೋಡಿ. ಒತ್ತಡಕ್ಕೆ ಒಡೆದದ್ದು ಬಲೂನಿನಂತೆ ಉಬ್ಬಿ ಉದ್ದಕ್ಕೆ ಸೀಳಿರುತ್ತದೆ, ಸೀಳಿನ ಅಂಚು ತೆಳ್ಳಗೆ ಎಳೆದಂತಿರುತ್ತದೆ. ಕತ್ತಿಯೇಟು ಅಡ್ಡಕ್ಕೆ ಬಿದ್ದಿರುತ್ತದೆ, ಅಂಚು ದಪ್ಪವಾಗಿ ಚೊಕ್ಕವಾಗಿರುತ್ತದೆ, ಪಕ್ಕದಲ್ಲಿ ತಪ್ಪಿದ ಏಟಿನ ಗೀರು ಸಾಮಾನ್ಯ. ಆನೆ ತುಳಿದ ಅಲ್ಯೂಮಿನಿಯಂ ಒಂದು ಮೊಳದಷ್ಟು ಉದ್ದಕ್ಕೆ ಚಪ್ಪಟೆಯಾಗಿರುತ್ತದೆ, ಮಣ್ಣಿನಲ್ಲಿ ಹೆಜ್ಜೆ ಇರುತ್ತದೆ. ಎಚ್‌ಡಿಪಿಇ ಆನೆ ತುಳಿತಕ್ಕೆ ಬಗ್ಗಿ ಮತ್ತೆ ಎದ್ದರೂ ಕಪ್ಲರ್ ಉಳಿಯುವುದಿಲ್ಲ. ಕಪ್ಲರ್ ಬಾಯಲ್ಲಿ ಬುಗ್ಗೆ ಎದ್ದರೆ ರಬ್ಬರ್ ರಿಂಗು ಮಡಚಿದೆ ಅಥವಾ ಮರಳು ಕೂತಿದೆ, ಯಾರನ್ನೂ ಬೈಯಬೇಕಾಗಿಲ್ಲ. ಪೈಪು ತುಂಬುವ ಮೊದಲು ಕೊನೆಯ ಕ್ಯಾಪ್ ತೆಗೆದು ಎರಡು ನಿಮಿಷ ನೀರು ಹರಿಸಿದರೆ ಆ ಮರಳು ಹೋಗುತ್ತದೆ.

ಡೆಲ್ಟಾದಲ್ಲಿ ಸೋರಿಕೆಯಾದರೆ ಕಂಪನಿ, ಸರ್ಕಾರದ ಅಧಿಕಾರಿ, ಊರಿನವರು ಮೂವರೂ ಸ್ಥಳಕ್ಕೆ ಹೋಗಿ ಕಾಗದಕ್ಕೆ ಸಹಿ ಮಾಡುವ ಪದ್ಧತಿ ಇದೆ. ಅಲ್ಲಿ ಕೆಟ್ಟದ್ದು ಒಂದೇ: ದೋಣಿ, ಅಳತೆಯ ಸಾಮಾನು, ಬರೆಯುವ ಕೈ ಬಹುಮಟ್ಟಿಗೆ ಕಂಪನಿಯದೇ. ಆದ್ದರಿಂದ ಬಾಡಿಗೆ ಪತ್ರಕ್ಕೆ ಇಷ್ಟು ಸೇರಿಸಲು ಪಟ್ಟು ಹಿಡಿಯಿರಿ: ಒಡೆದ ಪೈಪನ್ನು ಬಿಚ್ಚುವ ಮೊದಲು ಎರಡೂ ಕಡೆಯವರು ನಿಂತು ಫೋಟೊ ತೆಗೆಯಬೇಕು, ಒಡೆದ ತುಂಡು ತೋಟದಲ್ಲೇ ಉಳಿಯಬೇಕು, ಪೈಪಿನ ಮೇಲೆ ಅಚ್ಚಾದ ವರ್ಗವನ್ನೂ ಪಂಪಿನ ಬಾಯಿಯ ಗೇಜಿನ ಒತ್ತಡವನ್ನೂ ಪಾಳಿ ಪುಸ್ತಕದಲ್ಲಿ ಬರೆಯಬೇಕು. ವರ್ಗ 4, ಗೇಜು 7 ಎಂದು ಬರೆದಿದ್ದರೆ ಹೊಣೆ ಯಾರದೆಂದು ಕೇಳಬೇಕಾಗಿಲ್ಲ. ಈ ಸೇವೆಯ ಸೆಟ್ಟಿನಲ್ಲಿ ಗೇಜು ಪಂಪಿನ ಬಳಿ ಒಂದೇ ಇದೆ. ಕೊನೆಯ ಜೆಟ್ಟಿಗೆ ಇನ್ನೊಂದು ಬೇಕು. ಅದನ್ನು ಕೇಳಿದರೆ ಕೊಡುತ್ತಾರೆ, ಕೇಳಿದವರು ಮಾತ್ರ ಕಡಿಮೆ.

ಕತ್ತಿಯೇಟೇ ಬಿದ್ದಿದ್ದರೂ ಅದರ ಹಿಂದೆ ಒಂದು ಲೆಕ್ಕ ಇದ್ದೇ ಇರುತ್ತದೆ, ನೀರಿನ ಲೆಕ್ಕ. ಒಂದು ಸೆಟ್ ಎತ್ತುವುದು ಸೆಕೆಂಡಿಗೆ 3.7 ಲೀಟರ್. ಮಾರ್ಚ್ ತಿಂಗಳ ತೋಡಿನಲ್ಲಿ ಎಷ್ಟು ಹರಿಯುತ್ತಿದೆ? ಕಣ್ಣಳತೆ ನಂಬಬೇಡಿ. ಹಲಗೆಯೊಂದರಲ್ಲಿ 90 ಡಿಗ್ರಿಯ ‘ವಿ’ ಕಚ್ಚು ಕೊಯ್ದು, ತೋಡಿಗೆ ಅಡ್ಡ ನಿಲ್ಲಿಸಿ, ಸುತ್ತ ಮಣ್ಣು ಮೆತ್ತಿ, ನೀರೆಲ್ಲ ಕಚ್ಚಿನಿಂದಲೇ ಬೀಳುವಂತೆ ಮಾಡಿ. ಕಚ್ಚಿನ ತಳದಿಂದ ನೀರಿನ ಮಟ್ಟದ ಎತ್ತರವನ್ನು ಹಲಗೆಯಿಂದ ಎರಡು ಮೂರಡಿ ಮೇಲ್ಗಡೆ, ನೀರು ನಿಶ್ಚಲವಿರುವಲ್ಲಿ ಅಳೆಯಿರಿ. 10 ಸೆಂ.ಮೀ. ಇದ್ದರೆ ಸೆಕೆಂಡಿಗೆ 4.4 ಲೀಟರ್, 13 ಇದ್ದರೆ 8.4, 15 ಇದ್ದರೆ 12. 10 ಸೆಂ.ಮೀ. ಇದ್ದಾಗ ಇಂಜಿನ್ ಹಾಕಿದರೆ ತೋಡಿನ ಐದರಲ್ಲಿ ನಾಲ್ಕು ಪಾಲು ನಿಮ್ಮ ಪೈಪಿನೊಳಗೆ, ಕೆಳಗಿನವರ ಹಸು ಕೆಸರು ನೆಕ್ಕಬೇಕು. ಅರ್ಧಕ್ಕಿಂತ ಹೆಚ್ಚು ಎತ್ತಬಾರದು ಎಂದಿಟ್ಟುಕೊಂಡರೆ 13ಕ್ಕಿಂತ ಕೆಳಗೆ ಈ ಸೆಟ್ ಓಡಿಸಬಾರದು. ಐದು ಜೆಟ್ ಕಳಚಿ, ಆ ಬಾಯಿಗಳಿಗೆ ಮುಚ್ಚಳ ಹಾಕಿ, ಇಂಜಿನ್ ವೇಗ ಇಳಿಸಿ ಅರ್ಧ ಸೆಟ್ಟಾಗಿ ಓಡಿಸಬಹುದು. ಪಾಳಿ ಆರಾಗುತ್ತದೆ, ಬಾಡಿಗೆ ಗಂಟೆ ಲೆಕ್ಕದ್ದಾದರೆ ದುಪ್ಪಟ್ಟು. ಎಕರೆ ಲೆಕ್ಕದ ಬಾಡಿಗೆ ಒಪ್ಪಿಕೊಳ್ಳಬೇಕಾದ ಕಾರಣಗಳಲ್ಲಿ ಇದೂ ಒಂದು. ಈ ಸೇವೆಯವರು ಎರಡೂ ಬಗೆಯಲ್ಲಿ ಕೊಡುತ್ತಾರೆ, ಆದರೆ ಮೊದಲು ಗಂಟೆಯದನ್ನೇ ಮುಂದಿಡುತ್ತಾರೆ.

‘ನನ್ನ ಗಡಿಯಲ್ಲಿ ಹರಿಯುವ ತೋಡು, ಎಷ್ಟು ಬೇಕಾದರೂ ಎತ್ತುತ್ತೇನೆ’ ಎನ್ನುವವರಿಗೆ ಕಾನೂನಿನ ಬೆಂಬಲ ಇಲ್ಲ. 1882ರ ಈಸ್‌ಮೆಂಟ್ ಕಾಯ್ದೆಯಂತೆ ದಂಡೆಯ ಜಮೀನಿನವರು ಕುಡಿಯಲು, ಮನೆಬಳಕೆಗೆ, ದನಕರುಗಳಿಗೆ, ನೀರಾವರಿಗೆ ಬಳಸಬಹುದು. ಹಾಗೆ ಬಳಸುವಾಗ ಅದೇ ಹಕ್ಕಿರುವ ಬೇರೆಯವರಿಗೆ ಹೇಳಿಕೊಳ್ಳುವಂಥ ನಷ್ಟವಾಗಬಾರದು. ನದಿ, ತೊರೆಗಳ ನೀರನ್ನು ನಿಯಂತ್ರಿಸುವ ಸರ್ಕಾರದ ಅಧಿಕಾರವನ್ನು ಅದೇ ಕಾಯ್ದೆಯ 2ನೇ ಕಲಮು ಹಾಗೇ ಉಳಿಸಿದೆ. ಬರದ ಬೇಸಿಗೆಯಲ್ಲಿ ಕಾವೇರಿಯಿಂದ, ಅದರ ಉಪನದಿಗಳಿಂದ ತೋಟಕ್ಕೆ ಪಂಪು ಹಾಕುವುದನ್ನು ಜಿಲ್ಲಾಡಳಿತ ತಡೆಯುವುದು ಇಂಥ ಅಧಿಕಾರದಿಂದಲೇ. ಕುಶಾಲನಗರಕ್ಕೆ ಕುಡಿಯುವ ನೀರು ಅದೇ ಹೊಳೆಯಿಂದ ಹೋಗಬೇಕಲ್ಲ. ಹಾಗೆ ತಡೆ ಬಂದಾಗ ಈ ಸೇವೆಯ ಮುಂಗಡ ವಾಪಸಾಗುವುದಿಲ್ಲ. ಕರಾರಿನಲ್ಲಿ ತಿದ್ದಲೇಬೇಕಾದ ಎರಡನೆಯ ಸಾಲು ಇದು. ಆದೇಶ ಬಂದರೆ ಕೆರೆಯಿಂದ ಎತ್ತಲು ಅದೇ ಬಾಡಿಗೆಗೆ ಸೆಟ್ ಸ್ಥಳಾಂತರಿಸಿ ಕೊಡಬೇಕು ಎಂದು ಬರೆಸಿದರೂ ಸಾಕು.

ಪೈಪು ಹಾದುಹೋಗುವ ದಾರಿ ಇನ್ನೊಂದು ಸಂಗತಿ. ತೋಡಿನಿಂದ ತೋಟದವರೆಗೆ 300 ಮೀಟರ್ ಎಂದರೆ ನಡುವೆ ಒಬ್ಬರ ಗದ್ದೆ, ಇನ್ನೊಬ್ಬರ ಬಾಣೆ, ಸ್ವಲ್ಪ ಪೈಸಾರಿ (ಸರ್ಕಾರಿ) ಜಾಗ ಸಿಗುವುದು ಸಹಜ. ರಾತ್ರಿಯಿಡೀ ಅವರ ಅಂಗಳದ ಪಕ್ಕದಲ್ಲೇ ನೀರು ಸರ್ರೆಂದು ಓಡುತ್ತದೆ, ಅವರ ಬಾವಿ ತಳ ಕಂಡಿರುತ್ತದೆ. ಡೆಲ್ಟಾದ ಹಳ್ಳಿಗಳಲ್ಲೂ ಇದೇ ನೋಟ, ಇನ್ನೂ ಕ್ರೂರವಾಗಿ: ಮನೆ ಹಿಂದೆ ಪೈಪು, ಆಕಾಶದಲ್ಲಿ ಅನಿಲ ಉರಿಯುವ ಬೆಂಕಿ, ಮನೆಯೊಳಗೆ ಚಿಮಣಿ ದೀಪ. ಒಗೋನಿ ನಾಡಿನ ಒಂದು ಊರಿನಲ್ಲಿ ಕುಡಿಯುವ ಬಾವಿ ನೀರಿನಲ್ಲಿ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ 900 ಪಟ್ಟಿಗಿಂತ ಹೆಚ್ಚಿತ್ತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ವರದಿ ಮಾಡಿತು.

ನಮ್ಮ ಪರಿಹಾರಕ್ಕೆ ಬೇಕಾದದ್ದು ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ), ಒಂದು ಬಾಲ್ ವಾಲ್ವು, ಅರ್ಧ ಇಂಚಿನ ಹೋಸು. ದಾರಿಯಲ್ಲಿ ಸಿಗುವ ಪ್ರತಿ ಮನೆಯ ಬಳಿ ಒಂದು ಟೀ ಹಾಕಿ, ಪಾಳಿಗೆ ಅರ್ಧ ಗಂಟೆ ಅವರ ತೊಟ್ಟಿಗೆ ಬಿಡಿ. ವಾಲ್ವನ್ನು ಸ್ವಲ್ಪವೇ ತೆರೆದು ಗಂಟೆಗೆ 1,000 ಲೀಟರಿನಂತೆ ಬಿಟ್ಟರೆ ಒಂದು ಮನೆಗೆ 500 ಲೀಟರ್. ಎಕರೆಯ ನೀರಿನಲ್ಲಿ ಇದು ನೂರರಲ್ಲಿ ಒಂದು ಪಾಲೂ ಆಗದು. ಪಂಪಿನ ಹತ್ತಿರ 7 ಕಿಲೋ ಒತ್ತಡ ಇರುವುದರಿಂದ ವಾಲ್ವು ಹಿತ್ತಾಳೆಯದೇ ಇರಲಿ, ಪ್ಲಾಸ್ಟಿಕ್ಕಿನದು ಹಾರಿಹೋಗುತ್ತದೆ. ತೋಡಿನ ನೀರು ಕುದಿಸದೆ ಕುಡಿಯಬಾರದೆಂದೂ ಹೇಳಿ; ಪಂಪಿನ ಪಕ್ಕ ಡೀಸೆಲ್ ಚೆಲ್ಲಿದ್ದರಂತೂ ಆ ನೀರು ದನಕ್ಕೂ ಬೇಡ. ಈ ಸೇವೆಯವರಲ್ಲಿ ಟೀ ಇದೆ, ಲಾರಿಯ ಪೆಟ್ಟಿಗೆಯಲ್ಲಿ ಬಿದ್ದಿದೆ, ಹಾಕಲು ಮಾತ್ರ ಒಲ್ಲೆ ಎನ್ನುತ್ತಾರೆ. ಒತ್ತಡ ಬೀಳುತ್ತದೆ ಎಂಬುದು ಅವರ ನೆಪ. ಬೀಳುವುದು ನಿಜ, ಕೊನೆಯ ಜೆಟ್ಟಿನಲ್ಲಿ ಅರ್ಧ ಕಿಲೋಗಿಂತ ಕಡಿಮೆ, ಅದೂ ಅರ್ಧ ಗಂಟೆಯ ಮಟ್ಟಿಗೆ.

ರಾತ್ರಿ ಕಾವಲಿಗೆ ಸೇವೆಯವರದೇ ಒಬ್ಬ ಹುಡುಗ ಬರುತ್ತಾನೆ. ಅವನ ಬದಲು ತೋಡಿನ ಕೆಳಗಿನ ಮನೆಯವರೊಬ್ಬರಿಗೆ ಆ ಕೂಲಿ ಕೊಡುವುದು ವಾಸಿ. ಇದು ಹೊಸ ಉಪಾಯವೇನಲ್ಲ. 2022ರಲ್ಲಿ ನೈಜೀರಿಯಾದ ರಾಷ್ಟ್ರೀಯ ತೈಲ ಕಂಪನಿ ಪೈಪು ಕಾಯುವ ಗುತ್ತಿಗೆಯನ್ನು ಹಿಂದೆ ಬಂಡಾಯದ ನಾಯಕನಾಗಿದ್ದವನಿಗೆ ಸಂಬಂಧಿಸಿದ ಕಂಪನಿಗೇ ಕೊಟ್ಟಿತು. ಗುತ್ತಿಗೆ ಸಿಗದ ಬೇರೆ ಗುಂಪುಗಳು ‘ನಮಗ್ಯಾಕಿಲ್ಲ’ ಎಂದು ಎದ್ದವು. ತೋಡಿನ ಕೆಳಗೆ ಮೂರು ಮನೆ ಇದ್ದರೆ ಮೂರು ರಾತ್ರಿ ಮೂವರಿಗೆ ಸರದಿ ಹಾಕಿ, ಒಬ್ಬರಿಗೇ ಕೊಟ್ಟರೆ ಉಳಿದ ಎರಡು ಮನೆ ಮುನಿಸಿಕೊಳ್ಳುತ್ತವೆ. ಕಾವಲಿನವರ ಕೈಗೆ ಟಾರ್ಚು, ಇಂಜಿನ್ ನಿಲ್ಲಿಸುವ ಲಿವರ್ ಎಲ್ಲಿದೆ ಎಂಬ ತಿಳಿವಳಿಕೆ, ‘ವಿ’ ಹಲಗೆಯ ಮೇಲೆ 13ಕ್ಕೆ ಕೆಂಪು ಗೀಟು, ಇಷ್ಟಿರಲಿ. ನೀರು ಗೀಟಿಗಿಂತ ಇಳಿದರೆ ಯಾರನ್ನೂ ಕೇಳದೆ ಇಂಜಿನ್ ನಿಲ್ಲಿಸುವ ಅಧಿಕಾರ ಅವರಿಗೇ ಇರಲಿ. ತೋಟದ ಯಜಮಾನರಿಗೆ ನುಂಗಲು ಕಷ್ಟವಾದ ಮಾತು, ಆದರೆ ಕೀಲಿ ಕೆಳಗಿನವರ ಕೈಯಲ್ಲಿದೆ ಎಂದಾದಾಗ ಕತ್ತಿಗೆ ಕೆಲಸ ಇರುವುದಿಲ್ಲ. ಆನೆ ಬರುವ ಜಾಗವಾದರೆ ಈ ಮಾತು ಬೇರೆ. ಅಲ್ಲಿ ಒಬ್ಬರನ್ನೇ ರಾತ್ರಿ ಕೂರಿಸಬೇಡಿ, ಸಂಜೆ ಐದಕ್ಕೆ ಇಂಜಿನ್ ನಿಲ್ಲಿಸಿ ಹಗಲೇ ಓಡಿಸಿ, ಗಾಳಿಗೆ ಸ್ವಲ್ಪ ನೀರು ಹೋದರೆ ಹೋಗಲಿ.

ಒಟ್ಟಿನಲ್ಲಿ ಸಾಮಾನಿಗೆ, ಮೆಕ್ಯಾನಿಕ್ಕಿಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಪೈಪು ಜೋಡಣೆಯ ಕ್ರಮಕ್ಕೆ ಮೂರು. ಕರಾರು ಪತ್ರಕ್ಕೆ ಒಂದು, ಅದೂ ಕನ್ನಡದಲ್ಲಿದೆ ಎಂಬ ಕಾರಣಕ್ಕೆ. ಬುಕ್ ಮಾಡುವುದಾದರೆ ಜನವರಿ ಕೊನೆಯೊಳಗೆ ಮಾಡಿ. ಮಾರ್ಚ್ ಮೊದಲ ವಾರದಲ್ಲಿ ಇವರು ಫೋನ್ ಎತ್ತುವುದಿಲ್ಲ, ಎತ್ತಿದರೂ ತಿದ್ದುಪಡಿ ಒಪ್ಪುವ ಸಹನೆ ಇರುವುದಿಲ್ಲ. ಮುಂಗಡ ಕೊಡುವ ದಿನವೇ ಹಾನಿಯ ಸಾಲು, ವಾಪಸಿನ ಸಾಲು, ಟೀ ವಾಲ್ವಿನ ಸಂಖ್ಯೆ ಮೂರನ್ನೂ ಪೆನ್ನಿನಲ್ಲಿ ಬರೆಸಿ ಎರಡೂ ಕಡೆಯವರು ಸಹಿ ಹಾಕಬೇಕು. ಬ್ಯಾಕಿಂಗಿಗೂ ಇದೇ ಸೆಟ್ ಬೇಕೆಂದು ಅದೇ ಕಾಗದದಲ್ಲಿ ಸೇರಿಸಿ. ಎರಡನೇ ಸಲ ಬರುವಾಗ ಪೈಪಿನ ಅರ್ಧ ಇನ್ನೊಂದು ತೋಟದಲ್ಲಿ ಉಳಿದಿರುತ್ತದೆ, ಬಂದದ್ದನ್ನು ಎಣಿಸಿಯೇ ಇಳಿಸಿಕೊಳ್ಳಿ: 300 ಮೀಟರಿಗೆ 50 ಪೈಪು.